ಓದದೆ ಸಹಿ ಮಾಡದ ಹೊಲಿಗೆ ಅಕ್ಕೋರು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವನು ನನ್ನ ಸೋದರಮಾವ. ತೊರಗಲ್ಲಿನ ನಮ್ಮ ಪಡಸಾಲೆಯಲ್ಲಿ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ, ನನಗೆ ಕೇಳುವಂತೆಯೇ ಅವ್ವನಿಗೆ ಹೇಳಿದ್ದ: "ಅಕ್ಕಾ, ಈಕಿ ಬಿ.ಎ. ಪಾಸಾದ್ರ ನಾ ಮೀಸಿ ಬೋಳಿಸ್ಕೋತೇನಿ. ಸುಮ್ಮ ಯಾಕ ಫೀ ತುಂಬತಿ?"

ಅವನು ನನಗಿಂತ ಆರು ವರ್ಷ ದೊಡ್ಡವನು. ನಮ್ಮ ಕಡೆ ತಾಯಿಯ ತಮ್ಮನಿಗೆ ಹೆಣ್ಣು ಕೊಡುವುದು ರೂಢಿ. ಹಾಗಾಗಿ ನಾನು ಫೇಲಾದರೆ ಮುಂದೇನು ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಗೊತ್ತಾಗಿತ್ತು. ಅವನ ಮಾತಿನಲ್ಲಿ ಎಷ್ಟು ತಮಾಷೆ, ಎಷ್ಟು ಲೆಕ್ಕಾಚಾರ ಎಂದು ನಾನು ಆಗಲೇ ಅನುಮಾನಪಡುತ್ತಿದ್ದೆ.

ಆಗುತ್ತದೆ ಎಂದು ಹೇಳಿದವರು ಮಾತ್ರ ಯಾರೂ ಇಲ್ಲ. ಹೊಲಿಗೆ ಅಕ್ಕೋರು ಕೂಡ ಹೇಳಲಿಲ್ಲ. ಅವರು ಯಾವುದನ್ನೂ ಕಾಗದದ ಮೇಲೆ ನೋಡುವವರೆಗೆ ನಂಬುತ್ತಿರಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ನನ್ನ ಹೆಸರಿನ ಮುಂದೆ ಇವತ್ತು ಬಿ.ಎ. ಎಂದು ಇರುವುದಕ್ಕೆ ಅವರ ಒಂದು ಸಹಿ ಕಾರಣ. ಆ ಸಹಿಯ ಬಗ್ಗೆ ಇಷ್ಟು ವರ್ಷ ನಾನು ಸುಮ್ಮನಿದ್ದೆ.

ಅವರು ಇದ್ದ ಊರಿನ ಹೆಸರು ಬರೆಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇವುಗಳ ನಡುವೆ ಬಸ್ಸು ನಿಲ್ಲುವ ಒಂದು ಊರು ಎಂದುಕೊಂಡರೆ ಸಾಕು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಸಾಲಿಯ ಮಾಸ್ತರಿಣಿಯರಿಗೆ ಕರೆಯುವಂತೆ ಹುಡುಗಿಯರು ಅವರಿಗೆ ಅಕ್ಕೋರು ಎನ್ನುತ್ತಿದ್ದರು. ಕೊರಳಲ್ಲಿ ತಾಳಿ ಇರಲಿಲ್ಲ, ಅಳತೆಯ ಟೇಪು ಇರುತ್ತಿತ್ತು. ಮದುವೆ ಮನೆಗೂ ಅದನ್ನು ಹಾಕಿಕೊಂಡೇ ಹೋಗಿ ಊಟಕ್ಕೆ ಕೂತಾಗ ನೆನಪಾಗಿ ಚೀಲಕ್ಕೆ ತುರುಕುತ್ತಿದ್ದರು. ಗಂಡ ಬಿಟ್ಟಿದ್ದನೋ, ಅವರೇ ಬಿಟ್ಟು ಬಂದಿದ್ದರೋ ನನಗೆ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ.

ಕೈಗೆ ಬಂದ ಕಾಗದವನ್ನೆಲ್ಲ ಓದುತ್ತಿದ್ದರು. ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರಿನ ಎಣ್ಣೆಯನ್ನು ಸೆರಗಿನಿಂದ ಒರೆಸಿ, ಅರ್ಧ ಸುದ್ದಿ ಓದಿ, ಉಳಿದರ್ಧ ಸಿಗಲಿಲ್ಲವೆಂದು ಭಜಿಯವನ ಮೇಲೆ ಸಿಟ್ಟಾಗುತ್ತಿದ್ದರು. ಗುಳಿಗೆ ಡಬ್ಬಿ, ಕರೆಂಟ್ ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರ, ಲಗ್ನಪತ್ರಿಕೆಯ ಕೆಳಗಿನ ಪ್ರೆಸ್ಸಿನ ಹೆಸರು, ಏನನ್ನೂ ಬಿಡುತ್ತಿರಲಿಲ್ಲ. ಪೋಸ್ಟ್‌ಮನ್ ರಿಜಿಸ್ಟರ್ ಚಾಚಿದರೆ, "ನಿಂದ್ರೋ, ಯಾತಕ್ಕ ಸಹಿ ಮಾಡಾಕತ್ತೇನಿ ಅಂತ ನನಗ ಗೊತ್ತಾಗಬೇಕಲ್ಲ" ಎಂದು ಅವನನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದರು.

ಹೊಲಿಗೆಯ ಹೊರತಾಗಿ ಅವರಿಗೆ ಇನ್ನೊಂದು ಕೆಲಸವಿತ್ತು, ಸಂಬಳವಿಲ್ಲದ್ದು. ಲಾಡ್ಜಿನ ಮೇಲೆ ಪೊಲೀಸರು ವೇಶ್ಯಾವಾಟಿಕೆಯ ದಾಳಿ ಮಾಡುವಾಗ ಊರಿನ ಇಬ್ಬರು ಮರ್ಯಾದಸ್ಥರು ಪಂಚರೆಂದು ನಿಂತು ನೋಡಬೇಕು. ನೋಡಿದ್ದನ್ನು ಬರೆದ ಪಂಚನಾಮೆಗೆ ಸಹಿ ಹಾಕಬೇಕು. ಆ ಇಬ್ಬರಲ್ಲಿ ಒಬ್ಬರು ಹೆಂಗಸೇ ಆಗಿರಬೇಕೆಂದು ಕಾಯ್ದೆ. ಆದರೆ ಮರ್ಯಾದಸ್ಥ ಮನೆಯವರು ಯಾರು ತಮ್ಮ ಹೆಂಗಸನ್ನು ಅಲ್ಲಿಗೆ ಕಳಿಸುತ್ತಾರೆ? ಹಾಗಾಗಿ ಪ್ರತಿ ಸಲ ಜೀಪು ಬಂದು ನಿಲ್ಲುತ್ತಿದ್ದದ್ದು ಅಕ್ಕೋರ ಬಾಗಿಲಿಗೆ. ಊರಿನವರು ಅವರನ್ನು ಬೇಕಾದಾಗ ಮರ್ಯಾದಸ್ಥೆ ಎನ್ನುತ್ತಿದ್ದರು, ಜೀಪು ಹೋದ ಮೇಲೆ ಬೇರೆ ಏನೋ ಎನ್ನುತ್ತಿದ್ದರು. "ಲಾಡ್ಜ್ ಮೆಟ್ಟಲ ಆಕಿಗೆ ಪಾಠ ಆಗ್ಯಾವ" ಎಂಬ ಮಾತು ನನ್ನ ಕಿವಿಗೂ ಬಿದ್ದಿತ್ತು.

ನಾನು ಅವರನ್ನು ಮೊದಲು ಕಂಡದ್ದು ಅಂಥ ಒಂದು ದಾಳಿಯಲ್ಲಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಶೇಂಗಾ ಒಡೆಯುವ ಮಿಲ್ಲಿನಲ್ಲಿ ದುಡಿಯುತ್ತ ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟಿದವಳು. ಬಿ.ಎ. ಕೊನೆಯ ವರ್ಷದ ಪರೀಕ್ಷಾ ಕೇಂದ್ರ ಆ ಊರಿನಲ್ಲಿ ಬಂತು. ತೊರಗಲ್ಲಿನಿಂದ ದಿನಾ ಬಂದುಹೋಗಲು ಬಸ್ಸು ಸರಿಹೊಂದದು. ದೊಡವಾಡದ ಒಬ್ಬ ಅಂಗನವಾಡಿ ಕಾರ್ಯಕರ್ತೆಯೂ ನನ್ನ ಹಾಗೆಯೇ ಪರೀಕ್ಷೆಗೆ ಬಂದಿದ್ದಳು. ಇಬ್ಬರೂ ಸೇರಿ ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಒಂಬತ್ತನೆಯ ಕೋಣೆ ಹಿಡಿದೆವು. ಕೆಳಗೆ ಖಾನಾವಳಿ, ಮೇಲೆ ಹನ್ನೆರಡು ಕೋಣೆ. ಒಳ್ಳೆಯ ಲಾಡ್ಜು ಯಾವುದು, ಕೆಟ್ಟದ್ದು ಯಾವುದು ಎಂದು ನಮಗೆ ಯಾರು ಹೇಳಬೇಕು?

ಆವತ್ತು ಮಧ್ಯಾಹ್ನ ಅವಳಿಗೆ ಹಿಂದಿ ಪೇಪರು ಇತ್ತು, ನನಗೆ ಇರಲಿಲ್ಲ. ಅವಳು ಪರೀಕ್ಷೆಗೆ ಹೋದಳು. ಎರಡೂವರೆಯ ಸುಮಾರಿಗೆ ಮಾವ ಬಂದ, ಅವ್ವ ಕೊಟ್ಟ ಕಟಕು ರೊಟ್ಟಿಯ ಗಂಟು ಹಿಡಿದುಕೊಂಡು. ಖಾನಾವಳಿಯ ಒಗ್ಗರಣೆ ಹೊಗೆ ಬರುತ್ತದೆಂದು ಬಾಗಿಲನ್ನು ಮುಂದೆ ಮಾಡಿದವಳು ನಾನೇ. ಅವನು ಗುರೆಳ್ಳು ಚಟ್ನಿಯ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದ, ನಾನು ಸಂವಿಧಾನದ ಪಾಠ ಓದುತ್ತಿದ್ದೆ. ಬಾಗಿಲನ್ನು ಯಾರೂ ಬಡಿಯಲಿಲ್ಲ, ಅದು ಹಾರಿ ಗೋಡೆಗೆ ಬಿತ್ತು.

ಪೊಲೀಸರ ಮನುಷ್ಯನೊಬ್ಬ ಗಿರಾಕಿಯಂತೆ ಹನ್ನೊಂದನೆಯ ಕೋಣೆ ಹಿಡಿದಿದ್ದನಂತೆ. ಅವನು ಕಿಟಕಿಯಿಂದ ಟವೆಲ್ಲು ಜಾಡಿಸಿದ ಕೂಡಲೇ ಕೆಳಗೆ ಕಾದವರು ಮೇಲೆ ಬಂದು, ಸಾಲಾಗಿ ಎಲ್ಲ ಕೋಣೆಗೂ ನುಗ್ಗಿದ್ದರು.

"ಯಾರ ಇವ?"

"ಸ್ವಾದರಮಾವ್ರೀ," ಎಂದೆ.

ಪೇದೆ ಹಿಂದಿದ್ದವರ ಕಡೆ ತಿರುಗಿ ಹಲ್ಲು ಕಿರಿದ. "ಕೇಳಿದ್ರೇನ್ರೀ? ಸ್ವಾದರಮಾವ ಅಂತ! ನಾನೂ ನನ್ನ ಹೇಣ್ತಿಗೆ ಸ್ವಾದರಮಾವನ ಆಗಬೇಕು."

ಎಲ್ಲರೂ ನಕ್ಕರು. ಅಣ್ಣ ಎಂದಿದ್ದರೆ, ಕಾಕಾ ಎಂದಿದ್ದರೆ ಬಿಡುತ್ತಿದ್ದರೇನೋ. ನಮ್ಮ ಸೀಮೆಯಲ್ಲಿ ಸೋದರಮಾವ ಎಂಬ ಉತ್ತರದಿಂದ ಅನುಮಾನ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ನಗದೆ ಇದ್ದವರು ಒಬ್ಬರೇ. ವರಾಂಡದಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದ ಹೆಂಗಸು. ಅವರು ನನ್ನನ್ನು ನೋಡಲಿಲ್ಲ, ನನ್ನ ಕೈ ನೋಡಿದರು, ಮಾವನ ಕೈ ನೋಡಿದರು, ಮುಂದಿನ ಕೋಣೆಗೆ ಹೋದರು.

ಠಾಣೆಯಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂಡಿಸಿದರು. ನನ್ನ ಪಕ್ಕಕ್ಕೆ ಕಿತ್ತೂರಿನ ಕಡೆಯ ಒಬ್ಬ ಹೆಂಗಸು, ಹನ್ನೊಂದನೆಯ ಕೋಣೆಯಲ್ಲಿ ಸಿಕ್ಕವಳು. ಅವಳು ಅಳುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ನಾನು ಹಾಲ್ ಟಿಕೆಟ್ ತೋರಿಸಿದೆ. ಠಾಣೆಯ ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ, "ಇಂಥಾವ ಭಾಳ ನೋಡೇನಿ," ಎಂದು ಮೇಜಿನ ಖಾನೆಗೆ ಹಾಕಿದರು. ನಾಳೆ ಬೆಳಿಗ್ಗೆ ಹತ್ತಕ್ಕೆ ನನ್ನ ಪೇಪರು. ಆ ಚೀಟಿಯಿಲ್ಲದೆ ಪರೀಕ್ಷೆಗೆ ಬಿಡುವುದಿಲ್ಲ. ಪಂಚನಾಮೆಯಲ್ಲಿ ಹೆಸರು ಬಂದರೆ ಊರೊಳಗೂ ಬಿಡುವುದಿಲ್ಲ.

ಸಾಹೇಬರು ಕೆಟ್ಟವರಂತೆ ಮಾತಾಡಲಿಲ್ಲ. "ಲಗ್ನ ಗೊತ್ತಾಗೇತಿ ಅಂತ ಇಬ್ರೂ ಬರದು ಕೊಡ್ರಿ. ಹಿರ್ಯಾರನ್ನ ಕರಸತೇನಿ, ಅವರೂ ಸಹಿ ಮಾಡ್ಲಿ. ಬಿಟ್ಟಬಿಡತೇವಿ," ಎಂದರು.

ಮಾವ ನನ್ನ ಕಿವಿಯ ಹತ್ತಿರ ಬಾಗಿದ. "ಬರದು ಕೊಡೂಣು. ಮಾನ ಉಳೀತೈತಿ. ಹೆಂಗೂ ಮನ್ಯಾಗ ಅದ ಮಾತ ಐತಲ್ಲ."

ಅವನು ಹೆದರಿದ್ದ. ಆದರೆ ಅವನ ದನಿಯಲ್ಲಿ ಹೆದರಿಕೆಯ ಹೊರತಾಗಿ ಬೇರೆ ಏನೋ ಇದೆ ಎಂದು ನನಗೆ ಅನಿಸಿತು. ಇವತ್ತಿಗೂ ಅದು ಏನೆಂದು ಆಣೆ ಮಾಡಿ ಹೇಳಲಾರೆ. ರೈಟರ್ ಪೇದೆ ಬಿಳಿ ಹಾಳೆ, ಪೆನ್ನು ನನ್ನ ಮುಂದೆ ಇಟ್ಟ. ನಾನು ಪೆನ್ನು ಹಿಡಿದೆ. ಹಿಡಿದಿದ್ದೆ ಎಂದು ಒಪ್ಪಿಕೊಳ್ಳಬೇಕು.

ಆ ಹೊತ್ತಿಗೆ ಆಚೆಯ ಮೇಜಿನಲ್ಲಿ ಅಕ್ಕೋರು ಕನ್ನಡಕ ಹಾಕಿಕೊಂಡು ಪಂಚನಾಮೆ ಓದುತ್ತಿದ್ದರು. ಅವರಿಗೆಂದು ತರಿಸಿದ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಇಲ್ಲೆ ಆಕ್ಷೇಪಾರ್ಹ ಸ್ಥಿತಿ ಅಂತ ಬರದೀರಲ್ಲ, ಹಂಗಂದ್ರ ಏನ್ರೀ?"

"ಅದು ಬರಿಯೂ ರೀತಿನ ಹಂಗರಿ ಅಕ್ಕೋರ," ಎಂದ ರೈಟರ್.

"ಎಲ್ಲಾ ಕೋಣಿಗೂ ಒಂದ ರೀತೀನ? ನಾ ಒಂಬತ್ತನೇ ಕೋಣ್ಯಾಗ ನೋಡಿದಾಗ ಈ ಹುಡುಗಿ ಕೈಯಾಗ ಪುಸ್ತಕ ಇತ್ತು. ಆ ಮನಶಾನ ಕೈಯಾಗ ಚಟ್ನಿ ಡಬ್ಬಿ ಇತ್ತು. ಮುಚ್ಚಳ ಸೈತ ತಗದಿದ್ದಿಲ್ಲ. ಅದನ್ನ ಬರೀರಿ."

"ಪಂಚನಾಮಾದಾಗ ಚಟ್ನಿ ಬರಿಯಾಕ ಆಕ್ಕೈತೇನ್ರೀ?"

"ಕಂಡದ್ದ ಬರಿಯಾಕ ಆಗೂದಿಲ್ಲ, ಕಾಣಲಾರದ್ದ ಬರಿಯಾಕ ಆಕ್ಕೈತಿ?"

ಸಾಹೇಬರು ನಗುತ್ತಲೇ, "ಅಕ್ಕೋರ, ಟೈಮ್ ಆಗೇತಿ, ಒಂದ ಸಹಿ ಹಾಕ್ರಿ," ಎಂದರು.

ಅಕ್ಕೋರು ತಮ್ಮ ಪೆನ್ನಿನ ಟೊಪ್ಪಿಗೆ ಹಾಕಿ, ಅದನ್ನು ಜಂಪರಿನೊಳಗೆ ಸಿಗಿಸಿಕೊಂಡರು. "ಒಂಬತ್ತನೇದ ಹೊಡದ ಹಾಕ್ರಿ, ಹೊಡದಲ್ಲಿ ನೀವೂ ಸಹಿ ಮಾಡ್ರಿ. ಆ ಹಾಲ್ ಟಿಕೆಟ್ ಈಕಿ ಕೈಯಾಗ ಕೊಡ್ರಿ. ಆಮ್ಯಾಲ ಪೆನ್ನ ತಗೀತೇನಿ. ಇಲ್ಲಂದ್ರ ನಿಮ್ಮ ಮನಿಯವ್ರನ್ನ ಕರಕೊಂಡ ಬರ್ರಿ ಪಂಚಕ್ಕ." ನಂತರ ನನ್ನ ಕಡೆ ತಿರುಗದೆಯೇ, "ಏ ಹುಡುಗಿ, ಆ ಪೆನ್ನ ಕೆಳಗಿಡು. ಇವತ್ತ ಅಂಜಿ ಬರದ ಕೊಟ್ಟದ್ದನ್ನ ನಾಳೆ ಯಾರೂ ಅಂಜಿಕಿ ಅಂತ ಓದೂದಿಲ್ಲ," ಎಂದರು.

ಆ ಊರಿನಲ್ಲಿ ಬೇರೆ ಹೆಂಗಸು ಸಿಗುವುದಿಲ್ಲವೆಂದು ಸಾಹೇಬರಿಗೂ ಗೊತ್ತಿತ್ತು. ಒಂಬತ್ತನೆಯ ಕೋಣೆಯ ಸಾಲಿನ ಮೇಲೆ ಗೆರೆ ಬಿತ್ತು. ಹಾಲ್ ಟಿಕೆಟ್ ನನ್ನ ಕೈಗೆ ಬಂತು. ಅಕ್ಕೋರು ಪೆನ್ನು ತೆಗೆದು ಕೆಳಗೆ ಸಹಿ ಮಾಡಿದರು. ಪೂರ್ತಿ ಹೆಸರು, ಒಂದೊಂದೇ ಅಕ್ಷರ, ಗುಂಡಿಗೆ ಕಾಜು ಹಾಕಿದ ಹಾಗೆ.

ನಾನು ಎದ್ದಾಗ ಪಕ್ಕದ ಹೆಂಗಸು ಕ್ಯಾಲೆಂಡರಿನಿಂದ ಕಣ್ಣು ತೆಗೆದಳು. "ನಿನ್ನ ಕೈಯಾಗ ಪುಸ್ತಕ ಇತ್ತವ್ವಾ. ನನ್ನ ಕೈಯಾಗ ಏನೂ ಇರಲಿಲ್ಲ," ಎಂದಳು. ಅಕ್ಕೋರಿಗೂ ಅದು ಕೇಳಿಸಿತು. ಕನ್ನಡಕ ತೆಗೆದು ಒರೆಸಲು ಶುರುಮಾಡಿದರು, ಬಹಳ ಹೊತ್ತು ಒರೆಸಿದರು.

ಠಾಣೆಯ ಹೊರಗೆ ಅವರು ಮಾವನನ್ನು ಊರಿನ ಬಸ್ಸು ಹತ್ತಿಸಿ ನನ್ನನ್ನು ಕೇಳಿದರು: "ಇನ್ನ ಎಷ್ಟ ಪೇಪರ ಅದಾವ?"

"ಮೂರ್ರಿ. ನನ್ನ ಗೆಳತಿನೂ ಅದ ಕೋಣ್ಯಾಗ ಅದಾಳ್ರಿ."

"ನಡಿ ನಮ್ಮ ಮನಿಗೆ. ನಿನ್ನ ಗೆಳತಿಗೂ ಹೇಳಿ ಕಳಸೂಣು."

ಗೆಳತಿಗೆ ಆ ಊರಿನಲ್ಲಿ ದೂರದ ಬೀಗರಿದ್ದರು, ಅವಳು ಅಲ್ಲಿಗೆ ಹೋದಳು. ನಾನೊಬ್ಬಳೇ ಅಕ್ಕೋರ ಮನೆಗೆ ಹೋದೆ. ಹೋದೆನೇ ಹೊರತು ನಂಬಲಿಲ್ಲ. ಲಾಡ್ಜಿನ ದಾಳಿಗೆ ಹೋಗಿಬಂದು ಮಾಡುವ ಹೆಂಗಸು, ಗುರುತಿಲ್ಲದ ಹುಡುಗಿಯನ್ನು ಮನೆಗೆ ಯಾಕೆ ಕರೆಯುತ್ತಾಳೆ? ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡೇ ಇದ್ದೆ. ಅವರು ಕೊಟ್ಟ ಮೊದಲ ತುತ್ತನ್ನು ಅವರು ಉಂಡ ಮೇಲೆಯೇ ಉಂಡೆ. ಅವರಿಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಹಾಲ್ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಮೊಹರಿನ ಶಿಕ್ಕಾ ನೋಡಿದರು. ನನ್ನ ಪುಸ್ತಕ ಕಸಿದುಕೊಂಡು, "ಹೇಳ ನೋಡೂಣು, ರಾಜ್ಯಪಾಲರನ್ನ ಯಾರ ನೇಮಿಸತಾರ?" ಎಂದರು. ಹೇಳಿದೆ. ಇನ್ನೂ ನಾಲ್ಕು ಕೇಳಿದರು. ಐದನೆಯದಕ್ಕೆ ಉತ್ತರ ಬಂದ ಮೇಲೆ ಎದ್ದು ಹೋಗಿ ನನಗೊಂದು ಹೊದಿಕೆ ತಂದರು.

ಮೂರು ಪೇಪರು ಮುಗಿಯುವವರೆಗೆ ಅಲ್ಲಿದ್ದೆ. ಕಾಜು ಮಾಡುವುದನ್ನು ಕಲಿಸಲು ಹೋಗಿ, ನನ್ನ ಹೊಲಿಗೆ ನೋಡಿ, "ನೀ ಪಾಸಾಗಲೇಬೇಕವಾ. ನಿನಗ ಇದರ ಮ್ಯಾಲ ಹೊಟ್ಟಿ ತುಂಬೂದಿಲ್ಲ," ಎಂದರು. ಒಂದು ದಿನ ಧೈರ್ಯ ಮಾಡಿ, ಪಂಚಕ್ಕೆ ಯಾಕೆ ಹೋಗುತ್ತೀರಿ ಎಂದು ಕೇಳಿದೆ. ಮಶೀನಿನ ಗಾಲಿ ನಿಲ್ಲಿಸಿದರು.

"ಮೊದಲ ಮೊದಲ ನನಗ ಹೆಮ್ಮಿ ಇತ್ತು. ಸರಕಾರದ ಕೆಲಸಕ್ಕ ನನ್ನ ಸಹಿ ಬೇಕಂತ. ಓದಲಾರದ ಮಾಡಿದೆ. ಆಮ್ಯಾಲ ಒಂದ ಸಲ ಓದಿದೆ. ಹಿಡದ ಹೆಂಗಸರ ಹೆಸರ, ಗಂಡನ ಹೆಸರ, ಊರ, ವಯಸ್ಸ ಎಲ್ಲಾ ಇತ್ತು. ಗಿರಾಕಿ ಆಗಿ ಹ್ವಾದಾವ ಬರೇ ಬಾತ್ಮೀದಾರ. ಅವಗ ಹೆಸರ ಇಲ್ಲ, ಊರ ಇಲ್ಲ. ಲಾಡ್ಜಿನ ಮಾಲಕ ಊರಾಗ ಇರಲಿಲ್ಲ ಅಂತ ಬರದಿದ್ರು. ನಾ ಮೆಟ್ಟಲ ಇಳಿಯೂವಾಗ ಅವ ಗಲ್ಲೇದ ಮ್ಯಾಲ ಕುಂತಿದ್ದ."

"ಮತ್ತ ಹನ್ನೊಂದನೇ ಕೋಣಿಯಾಕಿದು ಯಾಕ ಸಹಿ ಮಾಡಿದ್ರಿ?"

ಅವರು ಗಾಲಿ ತಿರುಗಿಸಿದರು. ಮುಂದೆ ಅವರು ಪಂಚಕ್ಕೆ ಹೋಗಲಿಲ್ಲ. ಅವರೇ ಬಿಟ್ಟರೋ, ಪೊಲೀಸರು ಕರೆಯುವುದನ್ನು ಬಿಟ್ಟರೋ ಎಂಬ ಬಗ್ಗೆ ಊರಿನಲ್ಲಿ ಎರಡು ಮಾತಿತ್ತು. ಮೂರನೆಯ ಮಾತೂ ಒಂದಿತ್ತು: ಒಂದು ಕೋಣೆ ಹೊಡೆದು ಹಾಕಿಸಿದ್ದಕ್ಕೆ ಲಾಡ್ಜಿನ ಮಾಲಕ ಅಕ್ಕೋರಿಗೆ ಹೊಸ ಮಶೀನು ಕೊಟ್ಟನಂತೆ.

ನಾನು ಪಾಸಾದೆ. ಸೆಕೆಂಡ್ ಕ್ಲಾಸು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೆಯ ಇಯತ್ತೆ ದಾಟಿದವರೇ ಇಲ್ಲ. ಇದನ್ನು ಹೇಳಲು ನನಗೆ ಸಂಕೋಚವೂ ಇಲ್ಲ. ಮಾವನಿಗೆ ಅಷ್ಟರಲ್ಲಿ ಬೇರೆ ಕಡೆ ಲಗ್ನವಾಗಿತ್ತು. ಠಾಣೆಯಲ್ಲಿ ನಾನು ಪೆನ್ನು ಕೆಳಗಿಟ್ಟ ದಿನದಿಂದ ನಮ್ಮಿಬ್ಬರ ನಡುವೆ ಹಾಂ, ಹೂಂ ಅಷ್ಟೇ.

ಮಿಲ್ಲಿಗೆ ರಜೆ ಸಿಗದೆ ಆರು ತಿಂಗಳು ಕಳೆದ ಮೇಲೆ ಪೇಡೆ ತೆಗೆದುಕೊಂಡು ಅಕ್ಕೋರ ಮನೆಗೆ ಹೋದೆ. ಮುಂದಿನ ಕೋಣೆಯ ಮೂಲೆಯಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದ ಹೊಸ ಮಶೀನು ನಿಂತಿತ್ತು. ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ. ಅಕ್ಕೋರು ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು, "ಪಾಸಾದೆ ಅಂತ ಬಾಯಿಲೆ ಹೇಳಿದ್ರ ಆತೇನು? ಕಾಗದ ಎಲ್ಲೈತಿ?" ಎಂದರು.

"ಮನ್ಯಾಗ ಐತ್ರಿ," ಎಂದೆ. ಮಾರ್ಕ್ಸ್ ಕಾರ್ಡು ನನ್ನ ಚೀಲದಲ್ಲೇ ಇತ್ತು.

ಅವರು ಪೇಡೆ ತಿನ್ನಲಿಲ್ಲ. "ಕಾಗದ ತಂದಾಗ ತಿಂತೇನಿ," ಎಂದು ಡಬ್ಬಿಯಲ್ಲಿಟ್ಟರು. ನಾನು ಹೊರಗೆ ಬಂದೆ. ಆ ಮಶೀನು ನನ್ನ ಮಾನದ ಬೆಲೆಯಾಗಿ ಬಂದದ್ದು ಎಂದು ನನಗೆ ಖಾತ್ರಿಯಾಗಿತ್ತು. ನನಗೆ ಪುಕ್ಕಟೆ ಸಿಕ್ಕಿತೆಂದುಕೊಂಡಿದ್ದ ನ್ಯಾಯವನ್ನು ಬೇರೆ ಯಾರೋ ಕೊಂಡಿದ್ದರು ಎನ್ನುವುದು ಒಳಗೇ ಕುಟುಕುತ್ತಿತ್ತು.

ಮತ್ತೆ ಅವರನ್ನು ಕಂಡದ್ದು ಎಷ್ಟೋ ವರ್ಷಗಳ ನಂತರ, ಸವದತ್ತಿಯ ಒಂದು ಸಭೆಯಲ್ಲಿ. ನಾನಾಗ ಹೈಸ್ಕೂಲಿನಲ್ಲಿ ಶಿಕ್ಷಕಿ. ವೇಶ್ಯಾವಾಟಿಕೆಯ ದಂಧೆಯನ್ನು ಕಾನೂನುಬದ್ಧ ಮಾಡಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯ. ಒಬ್ಬ ತರುಣ ವಕೀಲರು, ಲೈಸನ್ಸ್ ಕೊಟ್ಟರೆ ದಾಳಿ ನಿಲ್ಲುತ್ತದೆ, ದವಾಖಾನೆಯ ಸೌಲಭ್ಯ ಸಿಗುತ್ತದೆ, ಪೊಲೀಸರ ಕಾಟ ತಪ್ಪುತ್ತದೆ ಎಂದರು. ಒಬ್ಬ ಮಹಿಳಾ ಮುಂದಾಳು, ಹಾಗೆ ಮಾಡಿದರೆ ಹೆಣ್ಣು ಮಾರುವವರಿಗೆ ಸರಕಾರವೇ ಅಂಗಡಿ ಹಾಕಿಕೊಟ್ಟಂತೆ, ಸಿಕ್ಕಿಬಿದ್ದ ಹೆಂಗಸರಿಗೆ ಹೊಲಿಗೆ ಮಶೀನು ಕೊಟ್ಟು ದಾರಿಗೆ ತರಬೇಕು ಎಂದರು. ಎರಡಕ್ಕೂ ಚಪ್ಪಾಳೆ ಬಿತ್ತು. ನಾನು ಎರಡಕ್ಕೂ ಬಡಿದೆ.

ಕೊನೆಯ ಸಾಲಿನಿಂದ ಅಕ್ಕೋರು ಎದ್ದರು. ಟೇಪು ಕೊರಳಲ್ಲಿತ್ತು.

"ವಕೀಲ್ರ, ನಿಮ್ಮ ಲೈಸನ್ಸಿಗೆ ಸಹಿ ಯಾರ ಮಾಡತಾರ? ಈಗ ಹಿಡಿಯಾಕ ಬರತಾರಲ್ಲ, ಅವರ ಏನ್ರೀ? ಆ ಲೈಸನ್ಸ್ ಬ್ಯಾಡ ಅನಿಸಿದ ದಿನ ಆಕಿ ಹೆಸರ ನಿಮ್ಮ ಕಾಗದದಿಂದ ಅಳಸಾಕ ಬರತೈತೇನು?" ವಕೀಲರು ಉತ್ತರಿಸುವ ಮೊದಲೇ ಇನ್ನೊಂದು ಕಡೆ ತಿರುಗಿದರು. "ಬಾಯಾರ, ನೀವು ಮಶೀನ ಕೊಡತೀರಿ. ನಿಮ್ಮ ಜಂಪರ ಆಕಿ ಕಡೆ ಹೊಲಸ್ತೀರೇನು?"

ಸಭೆ ನಕ್ಕಿತು, ಆಮೇಲೆ ನಗಲಿಲ್ಲ. ಯಾರೋ, "ಮತ್ತ ನೀವ ಹೇಳ್ರಿ, ಏನ ಮಾಡಬೇಕು?" ಎಂದು ಕೂಗಿದರು.

"ನನಗ ಗೊತ್ತಿಲ್ಲ. ಗೊತ್ತಿಲ್ಲಂತ ನೀವೂ ಹೇಳ್ರಿ. ಆಕಿನ್ನ ಕರದ ಕೇಳ್ರಿ," ಎಂದು ಕೂತುಬಿಟ್ಟರು.

ಚಹಾದ ಹೊತ್ತಿಗೆ ನನ್ನನ್ನು ಗುರುತಿಸಿದರು. "ಏ ಒಂಬತ್ತನೇ ಕೋಣಿ! ಕಾಗದ ತೋರಸ್ಲೇ ಇಲ್ಲಲ್ಲ. ಪೇಡೆ ಹುಳ ಹತ್ತಿ ಹ್ವಾತು." ನಾಲ್ಕು ಮಂದಿ ಶಿಕ್ಷಕಿಯರ ಮುಂದೆ ಒಂಬತ್ತನೆಯ ಕೋಣೆ ಎಂದದ್ದಕ್ಕೆ ನನಗೆ ಕೆಂಡದಂಥ ಸಿಟ್ಟು ಬಂತು. ತರುತ್ತೇನೆ ಎಂದೆ. ಒಯ್ಯಲಿಲ್ಲ.

ಹೋದ ತಿಂಗಳು ಸುದ್ದಿ ತಿಳಿದು ಅವರ ಮನೆಗೆ ಹೋದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕೂದಲು ಹಣ್ಣಾಗಿತ್ತು, ಆದರೂ ಗುರುತು ಸಿಕ್ಕಿತು. ಠಾಣೆಯ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಕೂತಿದ್ದ ಕಿತ್ತೂರಿನ ಕಡೆಯವಳು. ಒಳಗೆ ಮೂಲೆಯಲ್ಲಿ ಅದೇ ಮಶೀನು, ಈಗ ಬಣ್ಣ ಹೋಗಿ ಸವೆದಿತ್ತು. ನನ್ನ ಕಣ್ಣು ಎಲ್ಲಿದೆ ಎಂದು ಅವಳು ನೋಡಿದಳು.

"ಅದು ನಂದವ್ವಾ. ಆ ಕೇಸ ಮುಗದ ಮ್ಯಾಲ ಸರಕಾರದವ್ರು ಕೊಟ್ಟಿದ್ರು. ಊರಿಗೆ ಒಯ್ದ ಇಟ್ಟೆ. ನಾ ಯಾರಂತ ಗೊತ್ತಾದ ಮ್ಯಾಲ ಒಬ್ರೂ ಒಂದ ಜಂಪರ ಕೊಡಲಿಲ್ಲ. ಅಕ್ಕೋರ ಹುಡಕಿಕೊಂಡ ಬಂದು, ಮಶೀನ ಸಹಿತ ನನ್ನ ಇಲ್ಲಿಗೆ ಕರಕೊಂಡ ಬಂದ್ರು. ನಾ ಹಿಂದಿನ ಕೋಣ್ಯಾಗ ಹೊಲೀತಿದ್ದೆ, ಅಕ್ಕೋರ ತಮ್ಮ ಹೆಸರಿಲೆ ಕೊಡ್ತಿದ್ರು."

"ನಾ ಬಂದಾಗ ನೀವ ಎಲ್ಲಿದ್ರಿ?"

"ಒಳಗ ಇದ್ದೆ, ಬಂದ ಎರಡ ದಿನ ಆಗಿತ್ತು. ನಿನ್ನ ದನಿ ಕೇಳಿದೆ. ಪೇಡೆ ತಂದಿದ್ದಿ. ಹೊರಗ ಬರತೇನಿ ಅಂದೆ. ಅಕ್ಕೋರ ಬ್ಯಾಡ ಅಂದ್ರು. 'ಆಕಿಗೆ ಆವತ್ತಿನ ನೆನಪ ಯಾಕ, ಈಗ ಪಾಸಾಗ್ಯಾಳ' ಅಂದ್ರು."

ನಾನು ಆ ಮಶೀನಿನ ಸ್ಟೂಲಿನ ಮೇಲೆ ಕೂತೆ. ನಾನು ಕೇಳಿದ್ದ ಹನ್ನೊಂದನೆಯ ಕೋಣೆಯ ಪ್ರಶ್ನೆಗೆ ಅಕ್ಕೋರು ಹೀಗೆ ಉತ್ತರ ಹೇಳುತ್ತ ಬಂದಿದ್ದರು, ಹಿಂದಿನ ಕೋಣೆಯಲ್ಲಿ, ಇಷ್ಟು ವರ್ಷ.

ಅಲ್ಲಿಂದ ನೇರ ತೊರಗಲ್ಲಿಗೆ ಹೋದೆ. ಮಾವ ಕಟ್ಟೆಯ ಮೇಲಿದ್ದ. ಮೀಸೆ ಬೋಳಿಸಿಲ್ಲ, ಅರ್ಧ ಬೆಳ್ಳಗಾಗಿದೆ ಅಷ್ಟೇ. ಅಕ್ಕೋರು ಹೋದರು ಎಂದೆ. ಎಲೆ ಅಡಿಕೆಯ ಚೀಲವನ್ನು ಬದಿಗೆ ಸರಿಸಿದ.

"ಆ ಕಾಗದ ತಾ ನೋಡೂಣು," ಎಂದ.

ನನ್ನ ಡಿಗ್ರಿ ಸರ್ಟಿಫಿಕೇಟನ್ನು ನಾನು ಊರಿಗೆಲ್ಲ ತೋರಿಸಿದವಳು. ಅಂಚೆಯವನಿಗೂ ಬಿಚ್ಚಿ ತೋರಿಸಿದ್ದೆ. ತೋರಿಸದೆ ಇದ್ದದ್ದು ಇಬ್ಬರಿಗೆ ಮಾತ್ರ, ಇಬ್ಬರಿಗೂ ಹಟ ಹಿಡಿದು. ಟ್ರಂಕಿನಿಂದ ತಂದು ಅವನ ಕೈಗೆ ಕೊಟ್ಟೆ. ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಅಂಚು ಹಿಡಿದು, ನಾಲ್ಕನೆಯ ಇಯತ್ತೆಯ ಓದಿನಲ್ಲಿ ನನ್ನ ಹೆಸರನ್ನು ಬಿಡಿಸಿ ಓದಿದ. ಅವ್ವನ ಹೆಸರು ಇದೆಯೇ ಎಂದು ಹುಡುಕಿದ. ಶಿಕ್ಕಾದ ಮೇಲೆ ಬೆರಳು ಆಡಿಸಿದ. ಕೊನೆಗೆ ಕೆಳಗಿನ ಸಹಿಗಳ ಹತ್ತಿರ ಬಂದು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಕಾಗದ ಹಿಂದೆ ತಿರುಗಿಸಿಯೂ ನೋಡಿದ.

"ಎಲ್ಲಾ ದೊಡ್ಡ ಮಂದಿ ಸಹಿ ಮಾಡ್ಯಾರ," ಎಂದ. "ಆ ಅಕ್ಕೋರ ಸಹಿ ಎಲ್ಲೈತಿ?"